ಕಾರಣದ ಹುಡುಕಾಟ ಮತ್ತು ವ್ಯಕ್ತಿಯ ಘನತೆ: ಲೈಂಗಿಕ ಒಲವಿನ ಜೈವಿಕ ವಿವರಣೆಗಳ ಚರಿತ್ರೆ

ಮನುಷ್ಯನ ಸ್ವಭಾವದ ಬಗೆಗೆ ನಮ್ಮ ಜನರಲ್ಲಿ ಎರಡು ಗಾದೆಗಳು ಬಳಕೆಯಲ್ಲಿವೆ. ಹುಟ್ಟುಗುಣ ಸುಟ್ಟರೂ ಹೋಗದು ಎಂಬುದು ಒಂದು. ಸಹವಾಸದಿಂದ ಸನ್ಯಾಸಿ ಕೆಟ್ಟ ಎಂಬುದು ಇನ್ನೊಂದು. ಮಗನಾಗಲಿ ಮಗಳಾಗಲಿ ತನ್ನ ಒಲವು ಸಲಿಂಗಿಗಳ ಕಡೆಗಿದೆ ಎಂದು ಹೇಳಿಕೊಂಡಾಗ, ತಂದೆತಾಯಿಗಳು ಈ ಎರಡು ಗಾದೆಗಳ ನಡುವೆ ತೂಗಾಡುತ್ತ ಧರ್ಮಕೇಂದ್ರದ ಗುರುಗಳ ಬಳಿಗೆ ಬರುತ್ತಾರೆ. ಇದು ಹುಟ್ಟಿನಿಂದ ಬಂದದ್ದೋ, ಸಹವಾಸದಿಂದ ಬಂದದ್ದೋ ಎಂದು ಕೇಳುತ್ತಾರೆ. ಆ ಪ್ರಶ್ನೆಯ ಹಿಂದೆ ತಪ್ಪು ಯಾರದು ಎಂಬ ಇನ್ನೊಂದು ಪ್ರಶ್ನೆ ಅಡಗಿರುತ್ತದೆ. ಗುರುಗಳ ಉತ್ತರದ ಮೇಲೆ ಆ ಮನೆಯ ಮುಂದಿನ ನಡೆ ನಿಂತಿರುತ್ತದೆ. ಸಹವಾಸದೋಷವೆಂದು ಕೇಳಿಸಿಕೊಂಡವರು ಮಗನನ್ನು ಕಾಲೇಜು ಬಿಡಿಸಿ ಅವಸರದಲ್ಲಿ ಹೆಣ್ಣು ನೋಡುತ್ತಾರೆ. ಹುಟ್ಟಿನಿಂದ ಬಂದದ್ದೆಂದು ಕೇಳಿಸಿಕೊಂಡವರು ನಿಟ್ಟುಸಿರು ಬಿಡುತ್ತಾರೆ, ಇಲ್ಲವೇ ಗುಣಪಡಿಸುವ ವೈದ್ಯರನ್ನು ಹುಡುಕುತ್ತಾರೆ.

ಈ ಪ್ರಶ್ನೆಗೆ ಜೀವವಿಜ್ಞಾನವು ಸುಮಾರು 160 ವರ್ಷಗಳಿಂದ ಕೊಡುತ್ತ ಬಂದಿರುವ ಉತ್ತರಗಳ ಚರಿತ್ರೆಯನ್ನು ಈ ಲೇಖನದಲ್ಲಿ ಪರಿಶೀಲಿಸುತ್ತೇವೆ. ಧರ್ಮಸಭೆಯ ನೈತಿಕ ಬೋಧನೆಯನ್ನು ಸಮಗ್ರವಾಗಿ ವಿವರಿಸುವುದು ಇಲ್ಲಿ ನಮ್ಮ ಉದ್ದೇಶವಲ್ಲ. ನಾವು ತೋರಿಸಬಯಸುವುದು ಇಷ್ಟೇ: ಪ್ರತಿಯೊಂದು ಕಾರಣವಿವರಣೆಯನ್ನೂ ಕರುಣೆಗೂ ಬಳಸಲಾಗಿದೆ, ಕ್ರೌರ್ಯಕ್ಕೂ ಬಳಸಲಾಗಿದೆ. ಆದುದರಿಂದ ಪಾಲಕನಾದ ಗುರು ವಿಜ್ಞಾನವನ್ನು ಗೌರವದಿಂದ ಕಲಿಯಬೇಕು, ಆದರೆ ವ್ಯಕ್ತಿಯ ಘನತೆಯನ್ನು ಪ್ರಯೋಗಾಲಯದ ಫಲಿತಾಂಶಕ್ಕೆ ತಗುಲಿಹಾಕಬಾರದು.

ಪ್ರಾಚೀನರ ಪ್ರಶ್ನೆ

ಈ ಪ್ರಶ್ನೆ ಆಧುನಿಕರು ಹುಟ್ಟುಹಾಕಿದ್ದಲ್ಲ. ಅರಿಸ್ಟಾಟಲನು ತನ್ನ ನೀತಿಶಾಸ್ತ್ರದ ಏಳನೆಯ ಪುಸ್ತಕದಲ್ಲಿ, ಇಂತಹ ಒಲವು ಕೆಲವರಲ್ಲಿ ಪ್ರಕೃತಿಯಿಂದಲೂ ಕೆಲವರಲ್ಲಿ ಅಭ್ಯಾಸದಿಂದಲೂ ಬರುತ್ತದೆ ಎಂದು ಸೂಚಿಸಿದ್ದಾನೆ. ಅವನನ್ನು ಅನುಸರಿಸಿ ಸಂತ ಥಾಮಸ್ ಅಕ್ವಿನಾಸರು ‘ಸುಮ್ಮಾ’ದ ಎರಡನೆಯ ಭಾಗದಲ್ಲಿ ಸುಖದ ಸ್ವರೂಪವನ್ನು ಚರ್ಚಿಸುವಾಗ ಒಂದು ಸೂಕ್ಷ್ಮ ಭೇದವನ್ನು ಮಾಡುತ್ತಾರೆ. ಮಾನವಕುಲದ ಪ್ರಕೃತಿಗೆ ಸಹಜವಲ್ಲದ್ದು, ದೇಹದ ಅಥವಾ ಮನಸ್ಸಿನ ಯಾವುದೋ ವ್ಯತ್ಯಾಸದ ದೆಸೆಯಿಂದ, ಒಬ್ಬ ನಿರ್ದಿಷ್ಟ ವ್ಯಕ್ತಿಗೆ ಸಹಜದಂತೆ ಆಗಬಹುದು ಎಂಬುದು ಅವರ ಮಾತಿನ ಸಾರ.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಥಾಮಸರಿಗೆ ‘ಪ್ರಕೃತಿ’ ಎಂದರೆ ಒಂದು ಕುಲದ ಉದ್ದೇಶ ಮತ್ತು ಪರಿಪೂರ್ಣತೆ. ಆಧುನಿಕ ಜೀವವಿಜ್ಞಾನಿಗೆ ‘ನೈಸರ್ಗಿಕ’ ಎಂದರೆ ನಿಸರ್ಗದಲ್ಲಿ ಕಂಡುಬರುವಂಥದ್ದು. ಪದ ಒಂದೇ ಆದರೂ ಅರ್ಥ ಎರಡು. ಮುಂದಿನ ಚರಿತ್ರೆಯ ಅನೇಕ ಗೊಂದಲಗಳು ಈ ಎರಡು ಅರ್ಥಗಳನ್ನು ಬೆರೆಸಿದ್ದರಿಂದಲೇ ಹುಟ್ಟಿದವು.

ಜರ್ಮನಿಯಲ್ಲಿ ಹುಟ್ಟಿದ ವಾದ

ಆಧುನಿಕ ಜೈವಿಕ ವಿವರಣೆಯನ್ನು ಮೊದಲು ಮಂಡಿಸಿದವರು ವೈದ್ಯರಲ್ಲ, ಒಬ್ಬ ನ್ಯಾಯಶಾಸ್ತ್ರಜ್ಞ. ಹ್ಯಾನೋವರ್ ರಾಜ್ಯದ ಕಾರ್ಲ್ ಹೈನ್ರಿಕ್ ಉಲ್ರಿಕ್ಸ್ 1864ರಿಂದ ಕಿರುಹೊತ್ತಗೆಗಳ ಸರಣಿಯೊಂದನ್ನು ಮೊದಲು ಗುಪ್ತನಾಮದಲ್ಲಿ ಪ್ರಕಟಿಸಿದರು. ಭ್ರೂಣದಲ್ಲಿ ಆರಂಭದಲ್ಲಿ ಎರಡೂ ಲಿಂಗಗಳ ಬೀಜವಿರುವಂತೆ ಒಲವಿನ ಬೀಜವೂ ಇರುತ್ತದೆ, ಕೆಲವರಲ್ಲಿ ದೇಹ ಒಂದು ದಾರಿ ಹಿಡಿದರೆ ಒಲವು ಇನ್ನೊಂದು ದಾರಿ ಹಿಡಿಯುತ್ತದೆ ಎಂದು ಅವರು ವಾದಿಸಿದರು. ಗಂಡಿನ ದೇಹದಲ್ಲಿ ಸೆರೆಯಾದ ಹೆಣ್ಣಿನ ಆತ್ಮ ಎಂಬುದು ಅವರ ಸೂತ್ರ. ಆತ್ಮವು ದೇಹದ ರೂಪತತ್ತ್ವವೆಂದು ಕಲಿತಿರುವ ನಮಗೆ ಈ ಸೂತ್ರ ಒಪ್ಪಿಗೆಯಾಗದು, ಏಕೆಂದರೆ ಆತ್ಮವು ದೇಹದೊಳಗೆ ಸೆರೆಯಾದ ಬೇರೊಂದು ವಸ್ತುವಲ್ಲ. ಆದರೆ ಉಲ್ರಿಕ್ಸರ ಗುರಿ ತತ್ತ್ವಶಾಸ್ತ್ರವಾಗಿರಲಿಲ್ಲ. ಹುಟ್ಟಿನಿಂದ ಬಂದದ್ದನ್ನು ಅಪರಾಧವೆಂದು ದಂಡಿಸುವುದು ನ್ಯಾಯವಲ್ಲ ಎಂಬುದೇ ಅವರ ವಾದದ ತಿರುಳು. 1867ರ ಆಗಸ್ಟ್ 29ರಂದು ಮ್ಯೂನಿಕ್‌ನಲ್ಲಿ ಜರ್ಮನ್ ನ್ಯಾಯಶಾಸ್ತ್ರಜ್ಞರ ಸಮ್ಮೇಳನದಲ್ಲಿ ಇದನ್ನು ಹೇಳಲು ನಿಂತಾಗ ಸಭಿಕರು ಕೂಗಾಡಿ ಅವರ ಬಾಯಿ ಮುಚ್ಚಿಸಿದರು.

ಅದೇ ವಾದ ವೈದ್ಯರ ಕೈಗೆ ಬಂದಾಗ ಬೇರೆ ಬಣ್ಣ ತಳೆಯಿತು. ಮನೋವೈದ್ಯ ರಿಚರ್ಡ್ ಫಾನ್ ಕ್ರಾಫ್ಟ್-ಎಬಿಂಗ್ 1886ರಲ್ಲಿ ಪ್ರಕಟಿಸಿದ ಪ್ರಸಿದ್ಧ ಗ್ರಂಥದಲ್ಲಿ ಈ ಒಲವು ಜನ್ಮಜಾತವಾಗಿರಬಹುದೆಂದು ಒಪ್ಪಿದರು, ಆದರೆ ಅದನ್ನು ವಂಶದ ಅವನತಿಯ ಲಕ್ಷಣವೆಂದು ಕರೆದರು. ಹುಟ್ಟಿನಿಂದ ಬಂದದ್ದು, ಆದುದರಿಂದ ನಿರ್ದೋಷಿ ಎಂದು ಉಲ್ರಿಕ್ಸ್ ಹೇಳಿದ್ದರು. ಹುಟ್ಟಿನಿಂದ ಬಂದದ್ದು, ಆದುದರಿಂದ ರೋಗಿ ಎಂದು ಕ್ರಾಫ್ಟ್-ಎಬಿಂಗ್ ಹೇಳಿದರು. ಆಧಾರವಾಕ್ಯ ಒಂದೇ, ತೀರ್ಮಾನಗಳು ಎರಡು. ಮರಣಕ್ಕೆ ಒಂದು ವರ್ಷ ಮುಂಚೆ, 1901ರಲ್ಲಿ, ಅವರು ತಮ್ಮ ಅಭಿಪ್ರಾಯವನ್ನು ಬಹುಮಟ್ಟಿಗೆ ಮೃದುಗೊಳಿಸಿದರು. ಆದರೆ ಅಷ್ಟರಲ್ಲಿ ಅವರ ಗ್ರಂಥ ಯುರೋಪಿನಾದ್ಯಂತ ಹರಡಿತ್ತು.

ಬರ್ಲಿನಿನ ವೈದ್ಯ ಮಾಗ್ನಸ್ ಹಿರ್ಷ್‌ಫೆಲ್ಡ್ 1897ರಲ್ಲಿ ವೈಜ್ಞಾನಿಕ-ಮಾನವೀಯ ಸಮಿತಿಯನ್ನು ಸ್ಥಾಪಿಸಿ, ಪುರುಷರ ಸಲಿಂಗ ಸಂಬಂಧವನ್ನು ದಂಡಿಸುತ್ತಿದ್ದ 175ನೆಯ ಕಲಮನ್ನು ರದ್ದುಗೊಳಿಸಲು ಸಹಿ ಸಂಗ್ರಹಿಸಿದರು. 1919ರಲ್ಲಿ ಲೈಂಗಿಕ ವಿಜ್ಞಾನ ಸಂಸ್ಥೆಯನ್ನು ತೆರೆದರು. ವಿಜ್ಞಾನದ ಮೂಲಕ ನ್ಯಾಯ ಎಂಬುದು ಅವರ ಧ್ಯೇಯವಾಕ್ಯ. ಜೈವಿಕ ಕಾರಣ ಸಾಬೀತಾದರೆ ದ್ವೇಷ ತಾನಾಗಿ ಕರಗುತ್ತದೆ ಎಂಬ ನಂಬಿಕೆ ಅದರ ಹಿಂದಿತ್ತು.

ಕರುಣೆಯಿಂದ ಕತ್ತಿಗೆ

ಆ ನಂಬಿಕೆ ಉಳಿಯಲಿಲ್ಲ. ಒಲವಿಗೆ ದೇಹವೇ ಕಾರಣವೆಂದಾದರೆ ದೇಹವನ್ನು ತಿದ್ದಬಹುದಲ್ಲವೇ ಎಂದು ಕೇಳುವವರು ಹುಟ್ಟಿಕೊಂಡರು. ವಿಯೆನ್ನಾದ ಶರೀರಶಾಸ್ತ್ರಜ್ಞ ಒಯ್ಗೆನ್ ಸ್ಟೈನಾಕ್ ಮೊದಲನೆಯ ಮಹಾಯುದ್ಧದ ಕಾಲದಲ್ಲಿ, ಸಲಿಂಗಾಸಕ್ತ ಪುರುಷರಿಗೆ ಅನ್ಯ ಪುರುಷರ ವೃಷಣದ ಅಂಗಾಂಶವನ್ನು ಕಸಿಮಾಡಿಸಿ ಒಲವನ್ನು ಬದಲಿಸಲು ಯತ್ನಿಸಿದರು. ಹಿರ್ಷ್‌ಫೆಲ್ಡ್ ಅವರೇ ಈ ಪ್ರಯತ್ನದ ಬಗೆಗೆ ಭರವಸೆ ತಾಳಿದ್ದರು. ಕಸಿ ವಿಫಲವಾಯಿತು, ಆದರೆ ಅದರ ಹಿಂದಿನ ಆಲೋಚನೆ ಸಾಯಲಿಲ್ಲ.

1933ರ ಮೇ 6ರಂದು ನಾತ್ಸಿ ವಿದ್ಯಾರ್ಥಿಗಳು ಹಿರ್ಷ್‌ಫೆಲ್ಡರ ಸಂಸ್ಥೆಗೆ ನುಗ್ಗಿ ಲೂಟಿ ಮಾಡಿದರು. ನಾಲ್ಕು ದಿನಗಳ ನಂತರ ಅದರ ಪುಸ್ತಕಗಳನ್ನು ಬೀದಿಯಲ್ಲಿ ಸುಟ್ಟರು. ಹಿರ್ಷ್‌ಫೆಲ್ಡ್ 1935ರಲ್ಲಿ ಫ್ರಾನ್ಸಿನಲ್ಲಿ ದೇಶಭ್ರಷ್ಟರಾಗಿ ತೀರಿಕೊಂಡರು. ಅದೇ ವರ್ಷ 175ನೆಯ ಕಲಮನ್ನು ಇನ್ನಷ್ಟು ಕಠಿಣಗೊಳಿಸಲಾಯಿತು. ಸೆರೆಶಿಬಿರಗಳಿಗೆ ಹೋದ ಇಂತಹ ಪುರುಷರ ಸಂಖ್ಯೆಯನ್ನು ಇತಿಹಾಸಕಾರರು 5,000ದಿಂದ 15,000ದ ವರೆಗೆ ಅಂದಾಜಿಸುತ್ತಾರೆ. ಅವರ ಅಂಗಿಯ ಮೇಲೆ ಗುಲಾಬಿ ಬಣ್ಣದ ತ್ರಿಕೋನವಿರುತ್ತಿತ್ತು. 1944ರಲ್ಲಿ ಬೂಕನ್‌ವಾಲ್ಡ್ ಶಿಬಿರದಲ್ಲಿ ಕಾರ್ಲ್ ವೇರ್ನೆಟ್ ಎಂಬ ಡ್ಯಾನಿಶ್ ವೈದ್ಯನು ಹತ್ತಕ್ಕೂ ಹೆಚ್ಚು ಕೈದಿಗಳ ದೇಹದಲ್ಲಿ ಹಾರ್ಮೋನಿನ ಗುಳಿಗೆಗಳನ್ನು ಹುದುಗಿಸಿದನು. ಹಿರ್ಷ್‌ಫೆಲ್ಡರು ಮರುಕದಿಂದ ಹೇಳಿದ್ದ ಮಾತನ್ನೇ ಈತ ಸೆರೆಶಿಬಿರದಲ್ಲಿ ಕ್ರೌರ್ಯಕ್ಕೆ ಬಳಸಿಕೊಂಡನು.

ಇದು ನಾತ್ಸಿಗಳ ವಿಕೃತಿ ಮಾತ್ರ ಎಂದು ನಾವು ಸಮಾಧಾನಪಟ್ಟುಕೊಳ್ಳುವಂತಿಲ್ಲ. ಯುದ್ಧದಲ್ಲಿ ಬ್ರಿಟನ್ನಿನ ಪರವಾಗಿ ಶತ್ರುಗಳ ಗುಪ್ತಲಿಪಿಯನ್ನು ಭೇದಿಸಲು ಶ್ರಮಿಸಿದ್ದ ಗಣಿತಜ್ಞ ಅಲನ್ ಟ್ಯೂರಿಂಗ್ 1952ರಲ್ಲಿ ಅದೇ ದೇಶದ ನ್ಯಾಯಾಲಯದಲ್ಲಿ ಅಪರಾಧಿಯೆನಿಸಿದರು. ಸೆರೆಮನೆಗೆ ಬದಲಾಗಿ ಹಾರ್ಮೋನು ಚಿಕಿತ್ಸೆಯನ್ನು ಒಪ್ಪಿಕೊಂಡ ಅವರು 1954ರಲ್ಲಿ ಮೃತರಾದರು.

ರೋಗವೆಂಬ ಹಣೆಪಟ್ಟಿ ಕಳಚಿದ್ದು

ಇಪ್ಪತ್ತನೆಯ ಶತಮಾನದ ಮಧ್ಯಭಾಗದಲ್ಲಿ, ವಿಶೇಷವಾಗಿ ಅಮೆರಿಕದಲ್ಲಿ, ಸಹವಾಸದ ಗಾದೆಯೇ ಮೇಲುಗೈ ಪಡೆಯಿತು. ಅಲ್ಲಿನ ಮನೋವಿಶ್ಲೇಷಕರು ಕಾರಣವನ್ನು ಬಾಲ್ಯದಲ್ಲಿ, ಅತಿಯಾಗಿ ಅಂಟಿಕೊಂಡ ತಾಯಿಯಲ್ಲಿ, ದೂರ ನಿಂತ ತಂದೆಯಲ್ಲಿ ಹುಡುಕಿದರು. ಜೈವಿಕ ವಾದ ದೇಹಕ್ಕೆ ಕತ್ತಿ ಹಾಕಿದ್ದರೆ, ಈ ವಾದ ತಂದೆತಾಯಿಗಳ ಎದೆಗೆ ಅಪರಾಧಿಭಾವದ ಭಾರವನ್ನು ಹೊರಿಸಿತು. ನಮ್ಮ ಧರ್ಮಕೇಂದ್ರಗಳಲ್ಲಿ ಇಂದಿಗೂ ತಾಯಂದಿರು ತಮ್ಮನ್ನು ತಾವೇ ದೂಷಿಸಿಕೊಳ್ಳುವಾಗ ಮಾತನಾಡುತ್ತಿರುವುದು ಆ ಹಳೆಯ ಸಿದ್ಧಾಂತದ ಪಳೆಯುಳಿಕೆಯೇ.

1957ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞೆ ಎವೆಲಿನ್ ಹೂಕರ್ ಸರಳವಾದ ಪರೀಕ್ಷೆಯೊಂದರ ಫಲವನ್ನು ಪ್ರಕಟಿಸಿದರು. ಚಿಕಿತ್ಸೆಯಲ್ಲಿಲ್ಲದ 30 ಸಲಿಂಗಾಸಕ್ತ ಪುರುಷರಿಗೂ 30 ಇತರ ಪುರುಷರಿಗೂ ಮನೋಪರೀಕ್ಷೆಗಳನ್ನು ನಡೆಸಿ, ಹೆಸರು ತಿಳಿಸದೆ ಫಲಿತಾಂಶಗಳನ್ನು ತಜ್ಞರ ಮುಂದಿಟ್ಟರು. ಯಾರು ಯಾವ ಗುಂಪಿನವರೆಂದು ತಜ್ಞರು ಗುರುತಿಸಲಾರದೆ ಹೋದರು. ಅಲ್ಲಿಯವರೆಗೆ ವೈದ್ಯರು ತಮ್ಮ ಬಳಿಗೆ ಬಂದ ರೋಗಿಗಳನ್ನಷ್ಟೇ ನೋಡಿ ಎಲ್ಲರನ್ನೂ ರೋಗಿಗಳೆಂದು ಭಾವಿಸಿದ್ದರು. 1973ರ ಡಿಸೆಂಬರಿನಲ್ಲಿ ಅಮೆರಿಕದ ಮನೋವೈದ್ಯರ ಸಂಘವು ಸಲಿಂಗಾಸಕ್ತಿಯನ್ನು ಮಾನಸಿಕ ರೋಗಗಳ ಪಟ್ಟಿಯಿಂದ ಕೈಬಿಟ್ಟಿತು. 1990ರ ಮೇ 17ರಂದು ವಿಶ್ವ ಆರೋಗ್ಯ ಸಂಸ್ಥೆಯೂ ಅದೇ ಹಾದಿ ಹಿಡಿಯಿತು. ಇಲ್ಲಿ ಗಮನಾರ್ಹವಾದ ಸಂಗತಿಯೆಂದರೆ, ಕಾರಣ ಪತ್ತೆಯಾದುದರಿಂದ ರೋಗದ ಹಣೆಪಟ್ಟಿ ಕಳಚಲಿಲ್ಲ. ಕಾರಣ ಇನ್ನೂ ತಿಳಿಯದಿದ್ದಾಗಲೇ, ಮನುಷ್ಯರನ್ನು ಮನುಷ್ಯರಾಗಿ ನೋಡಿದ್ದರಿಂದ ಕಳಚಿತು.

ಮಿದುಳು, ಅವಳಿಗಳು, ವಂಶವಾಹಿಗಳು

1990ರ ದಶಕ ಜೈವಿಕ ವಿವರಣೆಯ ಎರಡನೆಯ ಅಲೆ. 1991ರಲ್ಲಿ ಸೈಮನ್ ಲವೇ ಎಂಬ ನರವಿಜ್ಞಾನಿ 41 ಮೃತರ ಮಿದುಳುಗಳನ್ನು ಪರಿಶೀಲಿಸಿ, ಹೈಪೋಥಾಲಮಸ್ಸಿನ ಒಂದು ಸಣ್ಣ ಕೋಶಸಮೂಹವು ಸಲಿಂಗಾಸಕ್ತ ಪುರುಷರಲ್ಲಿ ಇತರ ಪುರುಷರಿಗಿಂತ ಚಿಕ್ಕದೆಂದು ವರದಿ ಮಾಡಿದರು. ಆದರೆ ಅವರು ಪರೀಕ್ಷಿಸಿದ 19 ಸಲಿಂಗಾಸಕ್ತ ಪುರುಷರೂ ಏಡ್ಸ್‌ನಿಂದ ತೀರಿಕೊಂಡವರಾಗಿದ್ದರು. ಮೇಲಾಗಿ, ಆ ವ್ಯತ್ಯಾಸ ಒಲವಿನ ಕಾರಣವೋ ಪರಿಣಾಮವೋ ಎಂಬುದನ್ನು ಅಧ್ಯಯನ ಹೇಳಲಾರದಾಗಿತ್ತು. ಅದೇ ವರ್ಷ ಮೈಕಲ್ ಬೇಯ್ಲಿ ಮತ್ತು ರಿಚರ್ಡ್ ಪಿಲಾರ್ಡ್ ಅವಳಿಗಳನ್ನು ಅಭ್ಯಸಿಸಿದರು. ಒಬ್ಬನು ಸಲಿಂಗಾಸಕ್ತನಾಗಿದ್ದರೆ ಸಮರೂಪಿ ಅವಳಿ ಸಹೋದರನೂ ಹಾಗಿರುವ ಪ್ರಮಾಣ ಶೇ 52, ಸಮರೂಪಿಯಲ್ಲದ ಅವಳಿಗಳಲ್ಲಿ ಶೇ 22, ದತ್ತು ಸಹೋದರರಲ್ಲಿ ಶೇ 11 ಎಂದು ಕಂಡರು. ಈ ಅಂಕಿಗಳನ್ನು ಎರಡು ಬಗೆಯಲ್ಲಿ ಓದಬಹುದು. ವಂಶವಾಹಿಗಳ ಪಾತ್ರವಿದೆ ಎಂಬುದು ನಿಜ. ಒಂದೇ ವಂಶವಾಹಿಗಳನ್ನು ಹೊತ್ತವರಲ್ಲೂ ಸುಮಾರು ಅರ್ಧದಷ್ಟು ಮಂದಿ ಭಿನ್ನರಾಗಿದ್ದರು ಎಂಬುದೂ ನಿಜ. ಸ್ವಯಂಸೇವಕರನ್ನು ಜಾಹೀರಾತಿನಿಂದ ಕರೆಯದೆ ಅವಳಿಗಳ ನೋಂದಣಿಯಿಂದ ಆರಿಸಿದ ಮುಂದಿನ ಅಧ್ಯಯನಗಳಲ್ಲಿ ಈ ಪ್ರಮಾಣ ಇನ್ನೂ ಇಳಿಯಿತು.

1993ರಲ್ಲಿ ಡೀನ್ ಹೇಮರ್ ಮತ್ತು ಸಂಗಡಿಗರು, ತಾಯಿಯಿಂದ ಬರುವ ಎಕ್ಸ್ ವರ್ಣತಂತುವಿನ ಒಂದು ಭಾಗವನ್ನು 40 ಸಹೋದರ ಜೋಡಿಗಳ ಪೈಕಿ 33 ಜೋಡಿಗಳು ಹಂಚಿಕೊಂಡಿವೆ ಎಂದು ಪ್ರಕಟಿಸಿದರು. ಪತ್ರಿಕೆಗಳು ಇದನ್ನು ಸಲಿಂಗಾಸಕ್ತಿಯ ವಂಶವಾಹಿ ಎಂದು ಸಾರಿದವು. 1999ರಲ್ಲಿ ಕೆನಡಾದ ಸಂಶೋಧಕರಿಗೆ ಆ ಸಂಬಂಧ ಕಾಣಲಿಲ್ಲ. 1996ರಲ್ಲಿ ರೇ ಬ್ಲಾಂಚರ್ಡ್ ಮತ್ತು ಆಂಟನಿ ಬೊಗಾರ್ಟ್ ಗುರುತಿಸಿದ ಸಂಗತಿ ಹೆಚ್ಚು ಗಟ್ಟಿಯಾಗಿ ನಿಂತಿದೆ: ತಾಯಿಯ ಹೊಟ್ಟೆಯಲ್ಲಿ ಮೊದಲು ಹುಟ್ಟಿದ ಪ್ರತಿಯೊಬ್ಬ ಅಣ್ಣನಿಂದ ಕಿರಿಯವನು ಸಲಿಂಗಾಸಕ್ತನಾಗುವ ಸಂಭವ ಸುಮಾರು ಮೂರನೆಯ ಒಂದರಷ್ಟು ಏರುತ್ತದೆ. ಗಂಡು ಭ್ರೂಣದ ವಸ್ತುವೊಂದಕ್ಕೆ ತಾಯಿಯ ದೇಹ ಬೆಳೆಸಿಕೊಳ್ಳುವ ಪ್ರತಿಕಾಯಗಳು ಇದಕ್ಕೆ ಕಾರಣವಿರಬಹುದೆಂದು ಅವರು ಊಹಿಸಿದರು. ಆದರೆ ಮೂಲ ಸಂಭವವೇ ಅಲ್ಪವಾದುದರಿಂದ, ಅನೇಕ ಅಣ್ಣಂದಿರಿರುವವರಲ್ಲೂ ಬಹುತೇಕರು ಸಲಿಂಗಾಸಕ್ತರಲ್ಲ. ಈ ಬಹುತೇಕ ಅಧ್ಯಯನಗಳು ಪುರುಷರನ್ನು ಕುರಿತವು. ಸ್ತ್ರೀಯರ ಬಗೆಗೆ ವಿಜ್ಞಾನ ಹೇಳಿದ್ದು ಇನ್ನೂ ಕಡಿಮೆ.

2019ರಲ್ಲಿ ಸುಮಾರು 4.77 ಲಕ್ಷ ಜನರ ವಂಶವಾಹಿ ಮಾಹಿತಿಯನ್ನು ಶೋಧಿಸಿದ ಅಂತರರಾಷ್ಟ್ರೀಯ ಅಧ್ಯಯನವು ಈ ಅಧ್ಯಾಯಕ್ಕೆ ಒಂದು ವಿರಾಮ ಹಾಕಿತು. ಏಕೈಕ ವಂಶವಾಹಿ ಎಂಬುದು ಇಲ್ಲ. ಸ್ಪಷ್ಟವಾಗಿ ಕಂಡ ಐದು ತಾಣಗಳ ಪ್ರಭಾವ ಅತ್ಯಲ್ಪ. ಅಳೆದ ಎಲ್ಲ ವಂಶವಾಹಿ ಭೇದಗಳನ್ನು ಒಟ್ಟುಗೂಡಿಸಿದರೂ ಸಲಿಂಗ ನಡವಳಿಕೆಯಲ್ಲಿ ಕಾಣುವ ವ್ಯತ್ಯಾಸದ ಶೇ 8ರಿಂದ 25ರಷ್ಟನ್ನು ಮಾತ್ರ ವಿವರಿಸಬಹುದು. ಅದರಿಂದ ಒಬ್ಬ ವ್ಯಕ್ತಿಯ ಒಲವನ್ನು ಮುಂಗಾಣಲು ಬಾರದು.

ವಿಕಾಸವಾದದ ಒಗಟು

ವಿಕಾಸವಾದಿಗಳಿಗೆ ಇದು ಬೇರೆ ರೀತಿಯ ಒಗಟು. ಸಂತಾನಕ್ಕೆ ನೆರವಾಗದ ಒಲವು ತಲೆಮಾರುಗಳಲ್ಲಿ ಅಳಿಯದೆ ಉಳಿದದ್ದು ಹೇಗೆ? 1964ರಲ್ಲಿ ವಿಲಿಯಂ ಹ್ಯಾಮಿಲ್ಟನ್ ಮಂಡಿಸಿದ ಬಂಧು ಆಯ್ಕೆಯ ಸಿದ್ಧಾಂತವನ್ನು ಎಡ್ವರ್ಡ್ ವಿಲ್ಸನ್ 1975ರಲ್ಲಿ ಇದಕ್ಕೆ ಅನ್ವಯಿಸಿದರು. ಸ್ವಂತ ಮಕ್ಕಳಿಲ್ಲದವನು ಅಣ್ಣತಮ್ಮ ಅಕ್ಕತಂಗಿಯರ ಮಕ್ಕಳನ್ನು ಪೋಷಿಸಿದರೆ, ತನ್ನ ವಂಶವಾಹಿಗಳ ಪಾಲು ಅವರ ಮೂಲಕ ಉಳಿಯುತ್ತದೆ ಎಂಬುದು ಅದರ ಸಾರ. ಅಮೆರಿಕದಲ್ಲಿ 2001ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಇದಕ್ಕೆ ಪುಷ್ಟಿ ಸಿಗಲಿಲ್ಲ. ಪಾಲ್ ವೇಸಿ ಮತ್ತು ಡಗ್ ವ್ಯಾಂಡರ್‌ಲಾನ್ ಸಮೋವಾ ದ್ವೀಪಗಳಲ್ಲಿ ಫಾಫಾಫಿನೆ ಎಂಬ ಸಮುದಾಯದವರು ಸೋದರ ಸೋದರಿಯರ ಮಕ್ಕಳ ಬಗೆಗೆ ಇತರ ಪುರುಷರಿಗಿಂತ ಹೆಚ್ಚಿನ ಆಸ್ಥೆ ತೋರುತ್ತಾರೆಂದು ಕಂಡರು. 2004ರಲ್ಲಿ ಇಟಲಿಯ ಆಂಡ್ರಿಯಾ ಕಾಂಪೆರಿಯೊ-ಚಾನಿ ಮತ್ತು ಸಂಗಡಿಗರು ಬೇರೊಂದು ದಾರಿ ಹಿಡಿದರು. ಸಲಿಂಗಾಸಕ್ತ ಪುರುಷರ ತಾಯಿಯ ಕಡೆಯ ಸ್ತ್ರೀಯರಿಗೆ ಹೆಚ್ಚು ಮಕ್ಕಳಿರುವುದನ್ನು ಗುರುತಿಸಿ, ಸ್ತ್ರೀಯರ ಸಂತಾನಶಕ್ತಿಯನ್ನು ಹೆಚ್ಚಿಸುವ ಅಂಶವೇ ಪುರುಷರಲ್ಲಿ ಈ ಒಲವಾಗಿ ಕಾಣುತ್ತಿರಬಹುದೆಂದರು.

ಈ ಊಹೆಗಳಲ್ಲಿ ಯಾವುದೂ ಅಂತಿಮವಾಗಿ ಸ್ಥಾಪಿತವಾಗಿಲ್ಲ. ಮುಖ್ಯವಾಗಿ, ಅವು ಮಾತನಾಡುವುದು ಜನಸಮೂಹಗಳ ಬಗೆಗೆ. ಒಂದು ಗುಣ ಸಹಸ್ರಾರು ವರ್ಷಗಳಲ್ಲಿ ಹೇಗೆ ಉಳಿಯಿತು ಎಂಬುದನ್ನು ಅವು ವಿವರಿಸುತ್ತವೆ; ನಮ್ಮೆದುರು ಕುಳಿತಿರುವ ಈ ವ್ಯಕ್ತಿ ಹೇಗೆ ಬದುಕಬೇಕು ಎಂಬುದನ್ನಲ್ಲ. ಜಗದ್ಗುರು ಎರಡನೆಯ ಜಾನ್ ಪೌಲರು 1996ರ ಅಕ್ಟೋಬರ್ 22ರಂದು ವಿಜ್ಞಾನ ಅಕಾಡೆಮಿಗೆ ಕಳುಹಿಸಿದ ಸಂದೇಶದಲ್ಲಿ ವಿಕಾಸವಾದವು ಬರಿಯ ಊಹೆಗಿಂತ ಮಿಗಿಲೆಂದು ಒಪ್ಪಿಕೊಂಡು, ಮಾನವ ವ್ಯಕ್ತಿಯ ಘನತೆಗೆ ಆಧಾರ ಅಲ್ಲಿಲ್ಲವೆಂಬುದನ್ನೂ ಸ್ಪಷ್ಟಪಡಿಸಿದ್ದರು. ಆ ವಿವೇಚನೆ ಇಲ್ಲಿಯೂ ಸಲ್ಲುತ್ತದೆ.

ಧರ್ಮಸಭೆಯ ಸಂಯಮ

ಈ ಚರಿತ್ರೆಯ ಬೆಳಕಿನಲ್ಲಿ ಪೂಜ್ಯಪೀಠದ ದಾಖಲೆಗಳನ್ನು ಓದುವುದು ಉಪಯುಕ್ತ. 1975ರ ಡಿಸೆಂಬರ್ 29ರ ‘ಪೆರ್ಸೋನಾ ಹ್ಯುಮಾನಾ’ ಘೋಷಣೆಯು ತಾತ್ಕಾಲಿಕ ಒಲವಿಗೂ, ಜನ್ಮಜಾತ ಪ್ರೇರಣೆಯಿಂದಲೋ ಗುಣವಾಗದ್ದೆಂದು ಭಾವಿಸಲಾದ ದೇಹಪ್ರಕೃತಿಯಿಂದಲೋ ಬರುವ ಸ್ಥಿರ ಒಲವಿಗೂ ನಡುವಣ ಭೇದವನ್ನು ಉಲ್ಲೇಖಿಸಿ, ವ್ಯಕ್ತಿಯ ಹೊಣೆಯನ್ನು ವಿವೇಕದಿಂದ ಅಳೆಯಬೇಕೆಂದಿತು. ಸ್ಥಿರ ಒಲವಿನಿಂದ ಕೃತ್ಯ ಸಮರ್ಥನೀಯವಾಗದು ಎಂದೂ ಹೇಳಿತು. 1986ರ ಅಕ್ಟೋಬರ್ 1ರ ಪತ್ರವು ಬೋಧನೆಯನ್ನು ಬಿಗಿಗೊಳಿಸಿತು. ಅದೇ ಪತ್ರ ಇಂತಹವರ ಮೇಲಣ ಮಾತಿನ ಹಾಗೂ ಕೈಯ ಹಿಂಸೆಯನ್ನು ಖಂಡಿಸಿತು.

1992ರ ಧರ್ಮೋಪದೇಶ ಗ್ರಂಥದ ಮೊದಲ ಆವೃತ್ತಿಯಲ್ಲಿ, ಇವರು ತಮ್ಮ ಸ್ಥಿತಿಯನ್ನು ತಾವಾಗಿ ಆರಿಸಿಕೊಂಡವರಲ್ಲ ಎಂಬರ್ಥದ ವಾಕ್ಯವಿತ್ತು. 1997ರ ಅಧಿಕೃತ ಲತೀನ್ ಆವೃತ್ತಿಯಲ್ಲಿ ಆ ವಾಕ್ಯದ ಸ್ಥಳದಲ್ಲಿ, ಈ ಒಲವು ವಸ್ತುತಃ ಕ್ರಮತಪ್ಪಿದ್ದು ಎಂಬ ಮಾತು ಬಂದಿತು. ಇದನ್ನು ಹಿನ್ನಡೆಯೆಂದು ವಿಷಾದಿಸಿದವರಿದ್ದಾರೆ, ಸ್ಪಷ್ಟೀಕರಣವೆಂದು ಸ್ವಾಗತಿಸಿದವರಿದ್ದಾರೆ. ನಮ್ಮ ಗಮನಕ್ಕೆ ಬರಬೇಕಾದದ್ದು ಬದಲಾಗದೆ ಉಳಿದ ಎರಡು ಮಾತುಗಳು. ಈ ಒಲವಿನ ಮಾನಸಿಕ ಮೂಲ ಬಹುಮಟ್ಟಿಗೆ ಅವಿವರಿತ ಎಂಬುದು ಒಂದು. ಇವರನ್ನು ಗೌರವ, ಮರುಕ, ಸೂಕ್ಷ್ಮತೆಗಳಿಂದ ಸ್ವೀಕರಿಸಬೇಕು, ಅನ್ಯಾಯದ ತಾರತಮ್ಯ ಸಲ್ಲದು ಎಂಬುದು ಇನ್ನೊಂದು. ಎರಡನೆಯ ಮಾತು ಮೊದಲನೆಯದರ ಉತ್ತರಕ್ಕಾಗಿ ಕಾಯುವುದಿಲ್ಲ. ಹುಟ್ಟಿನಿಂದ ಬಂದದ್ದಾದರೆ ಗೌರವಿಸಿರಿ, ಸಹವಾಸದಿಂದ ಬಂದದ್ದಾದರೆ ಬೇಡ ಎಂಬ ಷರತ್ತು ಅಲ್ಲಿಲ್ಲ.

ನಮ್ಮ ನೆಲದಲ್ಲಿ

1860ರ ಭಾರತೀಯ ದಂಡಸಂಹಿತೆಯ 377ನೆಯ ಕಲಮು ನಿಸರ್ಗದ ಕ್ರಮಕ್ಕೆ ವಿರುದ್ಧವಾದ ಕೃತ್ಯವೆಂಬ ನುಡಿಯನ್ನು ನಮ್ಮ ನ್ಯಾಯಾಲಯಗಳಿಗೆ ತಂದಿತು. 2018ರ ಸೆಪ್ಟೆಂಬರ್ 6ರಂದು ಸರ್ವೋಚ್ಚ ನ್ಯಾಯಾಲಯದ ಐವರು ನ್ಯಾಯಮೂರ್ತಿಗಳ ಪೀಠವು ವಯಸ್ಕರ ನಡುವಣ ಸಮ್ಮತಿಯ ಖಾಸಗಿ ಸಂಬಂಧವನ್ನು ಅದರ ವ್ಯಾಪ್ತಿಯಿಂದ ಹೊರಗಿಟ್ಟಿತು. 2022ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗವು ಒಲವನ್ನು ಬದಲಿಸುವ ಹೆಸರಿನ ಚಿಕಿತ್ಸೆಯನ್ನು ವೃತ್ತಿ ದುರ್ನಡತೆಯೆಂದು ಸಾರಿತು. ವೈದ್ಯನಿಗೆ ನಿಷಿದ್ಧವಾದದ್ದನ್ನು ಪ್ರಾರ್ಥನಾಕೂಟದ ಹೆಸರಿನಲ್ಲಿ ಮಾಡಿಸುವುದು ನಮಗೆ ಶೋಭಿಸದು.

ಜೈವಿಕ ವಿವರಣೆಯೇ ಸಾಕೆನ್ನುವವರಿಗೂ ನಮ್ಮ ದೇಶ ಒಂದು ಎಚ್ಚರಿಕೆ ಕೊಡುತ್ತದೆ. ಭ್ರೂಣ ಹೆಣ್ಣೆಂದು ತಿಳಿದೊಡನೆ ಅದನ್ನು ಇಲ್ಲವಾಗಿಸುವ ಪದ್ಧತಿಯನ್ನು ತಡೆಯಲು 1994ರಲ್ಲಿ ಕಾಯಿದೆಯನ್ನೇ ಮಾಡಬೇಕಾಯಿತು. ಹೆಣ್ಣು ಹುಟ್ಟಿನಿಂದಲೇ ಹೆಣ್ಣು ಎಂಬುದರಲ್ಲಿ ಯಾರಿಗೂ ಸಂದೇಹವಿರಲಿಲ್ಲ. ಆ ತಿಳಿವಳಿಕೆ ಅವಳನ್ನು ಕಾಪಾಡಲಿಲ್ಲ. ಒಲವನ್ನು ಮುಂಗಾಣುವ ಪರೀಕ್ಷೆಯೊಂದು ಎಂದಾದರೂ ಬಂದರೆ ಅದು ಯಾರ ಕೈಗೆ ಸಿಗುತ್ತದೆ ಎಂದು ನಾವು ಈಗಲೇ ಆಲೋಚಿಸಬೇಕು.

ಯೊವಾನ್ನರ ಶುಭಸಂದೇಶದ ಒಂಬತ್ತನೆಯ ಅಧ್ಯಾಯದಲ್ಲಿ ಹುಟ್ಟುಕುರುಡನನ್ನು ಕಂಡ ಶಿಷ್ಯರು, ಪಾಪ ಮಾಡಿದವರು ಇವನೋ ಇವನ ಹೆತ್ತವರೋ ಎಂದು ಕೇಳುತ್ತಾರೆ. ಒಲವನ್ನು ಕುರುಡುತನಕ್ಕೆ ಹೋಲಿಸುವುದು ನಮ್ಮ ಉದ್ದೇಶವಲ್ಲ. ಹೋಲಿಕೆಯಿರುವುದು ಶಿಷ್ಯರ ಪ್ರಶ್ನೆಗೂ ನಮ್ಮ ಪ್ರಶ್ನೆಗೂ ನಡುವೆ. ಅವರ ಕಣ್ಣು ಕಾರಣದ ಮೇಲಿತ್ತು, ಯೇಸುಸ್ವಾಮಿಯ ಕಣ್ಣು ಆ ಮನುಷ್ಯನ ಮೇಲಿತ್ತು. ಅಧ್ಯಾಯದ ಕೊನೆಯಲ್ಲಿ ಪ್ರಾರ್ಥನಾಮಂದಿರದಿಂದ ಹೊರಹಾಕಲ್ಪಟ್ಟ ಅವನನ್ನು ಸ್ವಾಮಿಯೇ ಹುಡುಕಿಕೊಂಡು ಹೋಗುತ್ತಾರೆ.

ಗುರುಮಠದಲ್ಲಿರುವ ನಮಗೆ ಇದರಿಂದ ಮೂರು ಕರ್ತವ್ಯಗಳು ಒದಗುತ್ತವೆ. ಮೊದಲನೆಯದು, ವಿಜ್ಞಾನ ಎಷ್ಟು ಹೇಳಿದೆಯೋ ಅಷ್ಟನ್ನೇ ಹೇಳುವುದು: ಒಲವು ಸಾಮಾನ್ಯವಾಗಿ ಆಯ್ಕೆಯಿಂದ ಬಂದದ್ದಲ್ಲ, ಜೈವಿಕ ಅಂಶಗಳ ಪಾಲು ಇದೆ, ಪೂರ್ಣ ವಿವರಣೆ ಸಿಕ್ಕಿಲ್ಲ. ಎರಡನೆಯದು, ತಂದೆತಾಯಿಗಳ ಹೆಗಲಿನಿಂದ ಅಪರಾಧಿಭಾವದ ಹೊರೆಯನ್ನು ಇಳಿಸುವುದು. ಮೂರನೆಯದು, ವಿವಾಹವನ್ನು ಮದ್ದಾಗಿ ಎಂದೂ ಸೂಚಿಸದಿರುವುದು. ಮದುವೆಯಾದರೆ ಎಲ್ಲ ಸರಿಹೋಗುತ್ತದೆ ಎಂಬ ಸಲಹೆಗೆ ಏನೂ ಅರಿಯದ ಇನ್ನೊಬ್ಬ ವ್ಯಕ್ತಿ ಬಲಿಯಾಗುತ್ತಾಳೆ ಅಥವಾ ಬಲಿಯಾಗುತ್ತಾನೆ. ದಾಂಪತ್ಯವನ್ನು ತೀವ್ರವಾಗಿ ಕದಡಬಲ್ಲ ಗುಣವನ್ನು ಮುಚ್ಚಿಟ್ಟು ಮೋಸದಿಂದ ಪಡೆದ ಒಪ್ಪಿಗೆಯಿಂದ ವಿವಾಹ ಸಿಂಧುವಾಗದೆಂದು ಧರ್ಮಸಭೆಯ ಕಾನೂನು ಸಂಹಿತೆಯ 1098ನೆಯ ನಿಯಮ ಹೇಳುತ್ತದೆ. ಸಂಸ್ಕಾರವನ್ನು ಕಾಪಾಡಬೇಕಾದ ಗುರುವೇ ಅಂತಹ ಮೋಸಕ್ಕೆ ದಾರಿ ತೋರಿದರೆ ಅದಕ್ಕೆ ಉತ್ತರ ಕೊಡಬೇಕಾದವನೂ ಅವನೇ.